ಬ್ರಷ್ ಕೊಳ್ಳುವ ಮೊದಲು ಬಾಯಿ ನೋಡಿಕೊಳ್ಳಿ: ದಂತ ಶುಚಿತ್ವದ ಸಲಕರಣೆಗಳನ್ನು ಆರಿಸುವುದು ಹೇಗೆ?

ಹಲ್ಲುಜ್ಜುವ ಬ್ರಷ್ಷನ್ನು ನಾವು ಸಾಮಾನ್ಯವಾಗಿ ಆರಿಸುವುದು ಅದರ ಬಣ್ಣ ನೋಡಿ, ಇಲ್ಲವೇ ಪೊಟ್ಟಣದ ಮೇಲಿನ ದಪ್ಪ ಅಕ್ಷರಗಳನ್ನು ನಂಬಿ. ಅಂಕುಡೊಂಕಾದ ಎಳೆಗಳು, ಮೂರು ಬಣ್ಣದ ಪೇಸ್ಟು, ಬಾಯಿ ಉರಿಯುವಷ್ಟು ಖಾರವಾದ ಮೌತ್‌ವಾಶ್ ಎಲ್ಲವೂ ಮನೆಗೆ ಬರುತ್ತವೆ. ಆದರೆ ನಮ್ಮ ಬಾಯಿಗೆ ಇವುಗಳಲ್ಲಿ ಯಾವುದು ಬೇಕು ಎಂಬ ಪ್ರಶ್ನೆ ಕೇಳಿಕೊಳ್ಳುವವರು ಕಡಿಮೆ. ಇಬ್ಬರ ಹಲ್ಲಿನ ಸಾಲು ಒಂದೇ ಬಗೆಯಾಗಿರುವುದಿಲ್ಲವಾದ್ದರಿಂದ, ಒಬ್ಬರಿಗೆ ಒಪ್ಪಿದ ಸಲಕರಣೆ ಅದೇ ಮನೆಯ ಇನ್ನೊಬ್ಬರಿಗೆ ಒಪ್ಪಲೇಬೇಕೆಂದಿಲ್ಲ. ಹಾಗಾಗಿ ಆಯ್ಕೆ ಆರಂಭವಾಗಬೇಕಾದದ್ದು ಮನೆಯ ಕನ್ನಡಿಯ ಮುಂದೆ.

ಹಂತ 1: ಬಾಯಿಯನ್ನು ಪರೀಕ್ಷಿಸಿಕೊಳ್ಳಿ

ಒಳ್ಳೆಯ ಬೆಳಕಿನಲ್ಲಿ ತುಟಿಯನ್ನು ಸರಿಸಿ ವಸಡಿನ ಅಂಚನ್ನು ಗಮನಿಸಿ. ವಸಡಿನ ಬಣ್ಣ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗಿರುತ್ತದೆ. ನೋಡಬೇಕಾದದ್ದು ಊತ, ಅಂಚಿನಲ್ಲಿ ಕೆಂಪು ಹಾಗೂ ಮುಟ್ಟಿದರೆ ರಕ್ತ ಬರುವ ಜಾಗಗಳನ್ನು. ಯಾವ ಹಲ್ಲುಗಳ ನಡುವೆ ಸಂದಿ ಅಗಲವಾಗಿದೆ, ಎಲ್ಲಿ ಒಂದಕ್ಕೊಂದು ಒತ್ತಿಕೊಂಡಿವೆ, ಎಲ್ಲಿ ವಸಡು ಹಿಂದೆ ಸರಿದು ಬೇರಿನ ಭಾಗ ಕಾಣುತ್ತಿದೆ, ಕಟ್ಟಿಸಿದ ಹಲ್ಲು ಅಥವಾ ಕ್ಲಿಪ್ ಇದೆಯೇ ಎಂಬುದನ್ನು ಗುರುತಿಸಿಕೊಳ್ಳಿ.

ಉಜ್ಜುವಾಗ ರಕ್ತ ಬಂದರೆ ಆ ಜಾಗಕ್ಕೆ ಬ್ರಷ್ ತಾಕಿಸದೆ ಬಿಡುವುದು ಬಹಳ ಜನರ ಅಭ್ಯಾಸ. ವಾಸ್ತವವಾಗಿ ಅಲ್ಲಿ ರಕ್ತ ಬರುತ್ತಿರುವುದು ಹೆಚ್ಚಿನ ಸಂದರ್ಭಗಳಲ್ಲಿ ಪಾಚಿ, ಅಂದರೆ ಹಲ್ಲಿನ ಮೇಲೆ ಕೂರುವ ಅಂಟು ಪದರ, ನಿಂತು ವಸಡು ಉರಿಯೂತಕ್ಕೆ ಒಳಗಾಗಿರುವುದರಿಂದ. ಆದ್ದರಿಂದ ಆ ಜಾಗವನ್ನೇ ಹೆಚ್ಚು ಮೃದುವಾಗಿ, ಹೆಚ್ಚು ಶ್ರದ್ಧೆಯಿಂದ ಶುಚಿಗೊಳಿಸಬೇಕು. ಎರಡು ವಾರ ಹೀಗೆ ಮಾಡಿದರೂ ರಕ್ತ ನಿಲ್ಲದಿದ್ದರೆ ದಂತವೈದ್ಯರನ್ನು ಕಾಣುವುದು ಸರಿ.

ಹಂತ 2: ಮೃದು ಎಳೆಯ, ಚಿಕ್ಕ ತಲೆಯ ಬ್ರಷ್

ಗಟ್ಟಿ ಎಳೆಯ ಬ್ರಷ್ ಹೆಚ್ಚು ಸ್ವಚ್ಛ ಮಾಡುತ್ತದೆ ಎಂಬ ನಂಬಿಕೆ ಇನ್ನೂ ಬಲವಾಗಿದೆ. ಹಲ್ಲಿನ ಮೇಲೆ ದಿನವೂ ಕೂರುವ ಪಾಚಿ, ಅಂದರೆ ಪ್ಲಾಕ್, ಬ್ಯಾಕ್ಟೀರಿಯಾಗಳು ಕಟ್ಟಿಕೊಂಡ ಮೆತ್ತನೆಯ ಅಂಟು ಪದರ; ಅದನ್ನು ತೆಗೆಯಲು ಮೃದುವಾದ ಎಳೆಗಳೇ ಸಾಕು. ತೆಗೆಯದೆ ಬಿಟ್ಟ ಪಾಚಿಗೆ ಜೊಲ್ಲಿನಲ್ಲಿರುವ ಖನಿಜಗಳು ಸೇರಿ ಅದು ಕಲ್ಲಿನಂತಹ ಗಾರೆಯಾದ ಮೇಲೆ, ಎಷ್ಟೇ ಗಟ್ಟಿಯಾದ ಬ್ರಷ್‌ನಿಂದ ತಿಕ್ಕಿದರೂ ಹೋಗುವುದಿಲ್ಲ. ಅದನ್ನು ದಂತವೈದ್ಯರೇ ತೆಗೆಯಬೇಕು. ಅಂದಮೇಲೆ ಗಟ್ಟಿ ಬ್ರಷ್‌ನಿಂದ ಸವೆಯುವುದು ಗಾರೆಯಲ್ಲ, ವಸಡಿನ ಅಂಚು ಮತ್ತು ಅದರ ಪಕ್ಕದ ಬೇರಿನ ಭಾಗ. ಬೇರಿಗೆ ಎನಾಮೆಲ್ ಎಂಬ ಗಟ್ಟಿ ಹೊರಕವಚವಿಲ್ಲದ ಕಾರಣ ಅದು ಬೇಗ ಸವೆದು, ತಣ್ಣನೆಯ ನೀರು ತಾಗಿದರೂ ಜುಮ್ಮೆನ್ನತೊಡಗುತ್ತದೆ.

ನೈಲಾನ್ ಎಳೆಯ ಬ್ರಷ್ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಅದಕ್ಕೂ ಮೊದಲು ಹೆಚ್ಚಾಗಿ ಬಳಕೆಯಲ್ಲಿದ್ದದ್ದು ಹಂದಿಯ ಬಿರುಗೂದಲು. ಅಮೆರಿಕದ ವೈದ್ಯ ಚಾರ್ಲ್ಸ್ ಬ್ಯಾಸ್ ಸುಮಾರು 0.18 ಮಿಲಿಮೀಟರ್ ದಪ್ಪದ, ತುದಿ ದುಂಡಾದ ನೈಲಾನ್ ಎಳೆಗಳೇ ಒಳ್ಳೆಯವೆಂದು 1940ರ ದಶಕದಲ್ಲೇ ಹೇಳಿದ್ದರು. ಎಳೆಗಳನ್ನು ವಸಡಿನ ಅಂಚಿಗೆ 45 ಡಿಗ್ರಿ ಓರೆಯಾಗಿ ಇಟ್ಟು ಚಿಕ್ಕದಾಗಿ ಅಲುಗಿಸುವ, ಇಂದು ದಂತವೈದ್ಯರು ಕಲಿಸುವ ಕ್ರಮಕ್ಕೂ ಅವರ ಹೆಸರೇ ಇದೆ. ಆದ್ದರಿಂದ ಪೊಟ್ಟಣದ ಮೇಲೆ ‘ಸಾಫ್ಟ್’ ಅಥವಾ ‘ಎಕ್ಸ್‌ಟ್ರಾ ಸಾಫ್ಟ್’ ಎಂದು ಬರೆದಿರುವುದನ್ನೇ ಆರಿಸಿ. ‘ಮೀಡಿಯಂ’ ಕೊಳ್ಳಲು ಒಳ್ಳೆಯ ಕಾರಣ ನನಗಂತೂ ಕಾಣುವುದಿಲ್ಲ.

ಬ್ರಷ್‌ನ ತಲೆ ಕೊನೆಯ ದವಡೆ ಹಲ್ಲಿನ ಹಿಂಬದಿಯವರೆಗೂ ಹೋಗುವಷ್ಟು ಚಿಕ್ಕದಾಗಿರಬೇಕು. ಬಾಯಿ ಪೂರ್ತಿ ತೆರೆದಾಗ ಕೆನ್ನೆಯ ಒಳಬದಿಗೂ ದವಡೆ ಹಲ್ಲಿಗೂ ನಡುವೆ ಜಾಗ ಕಿರಿದಾಗುವುದರಿಂದ, ಅಗಲ ತಲೆಯ ಬ್ರಷ್ ಅಲ್ಲಿಗೆ ತಲುಪುವುದೇ ಇಲ್ಲ. ಹಿಡಿಯ ವಿನ್ಯಾಸಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಆದರೆ ಬೆರಳಿನ ಗಂಟು ನೋವಿರುವವರಿಗೆ ದಪ್ಪ ಹಿಡಿ ನಿಜಕ್ಕೂ ಅನುಕೂಲ. ಮೂರು ನಾಲ್ಕು ತಿಂಗಳಿಗೊಮ್ಮೆ ಬ್ರಷ್ ಬದಲಾಯಿಸಬೇಕು. ಅದಕ್ಕೆ ಮೊದಲೇ ಎಳೆಗಳು ಕೆದರಿಕೊಂಡರೆ ಕೂಡಲೇ ಬದಲಾಯಿಸಿ, ಒತ್ತಿ ಉಜ್ಜುತ್ತಿದ್ದೇನೆಯೇ ಎಂದೂ ಕೇಳಿಕೊಳ್ಳಿ.

ವಿದ್ಯುತ್ ಬ್ರಷ್ ಅನಿವಾರ್ಯವಲ್ಲ, ಆದರೆ ಆಡಂಬರವೂ ಅಲ್ಲ. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ, ಕಾಕ್ರೇನ್ ಎಂಬ ಅಂತರರಾಷ್ಟ್ರೀಯ ಆರೋಗ್ಯ ಸಂಶೋಧಕರ ಜಾಲದ ವಿಮರ್ಶೆಯ ಪ್ರಕಾರ, ಮೂರು ತಿಂಗಳಿಗೂ ಹೆಚ್ಚು ಕಾಲ ಇದನ್ನು ಬಳಸಿದವರಲ್ಲಿ ಸಾದಾ ಬ್ರಷ್ ಬಳಸಿದವರಿಗಿಂತ ಪಾಚಿ ಶೇ 21ರಷ್ಟು, ವಸಡಿನ ಉರಿಯೂತ ಶೇ 11ರಷ್ಟು ಕಡಿಮೆಯಿತ್ತು. ಕೈ ಸರಿಯಾಗಿ ಆಡದವರು, ವಯಸ್ಸಾದವರು, ಎರಡು ನಿಮಿಷ ನಿಲ್ಲುವ ತಾಳ್ಮೆಯಿಲ್ಲದವರು ಇದನ್ನು ಪರಿಗಣಿಸಬಹುದು. ಕೊಳ್ಳುವುದಾದರೆ ಹೆಚ್ಚು ಒತ್ತಿದಾಗ ಎಚ್ಚರಿಸುವ ಸೂಚಕ ಮತ್ತು ಎರಡು ನಿಮಿಷದ ಗಡಿಯಾರ ಇರುವುದನ್ನು ನೋಡಿ. ಉಳಿದ ವೈಶಿಷ್ಟ್ಯಗಳು ಇಲ್ಲದಿದ್ದರೂ ನಡೆಯುತ್ತದೆ.

ಹಂತ 3: ಸಂದಿಗೆ ತಕ್ಕ ಸಲಕರಣೆ

ಅತಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಹಂತ ಇದು. ದವಡೆ ಹಲ್ಲೊಂದಕ್ಕೆ ಐದು ಮುಖಗಳಿವೆ: ಕೆನ್ನೆಯ ಕಡೆಯದು, ನಾಲಿಗೆಯ ಕಡೆಯದು, ಅಗಿಯುವ ಮೇಲ್ಮೈ ಮತ್ತು ಅಕ್ಕಪಕ್ಕದ ಹಲ್ಲುಗಳನ್ನು ಎದುರಿಸುವ ಎರಡು ಬದಿಗಳು. ಈ ಕೊನೆಯ ಎರಡು ಬದಿಗಳು ಪಕ್ಕದ ಹಲ್ಲಿಗೆ ತಾಗುವಲ್ಲಿಗೆ ಯಾವ ಬ್ರಷ್‌ನ ಎಳೆಯೂ ಸರಿಯಾಗಿ ಹೋಗುವುದಿಲ್ಲ. ಹುಳುಕು ಮತ್ತು ವಸಡಿನ ರೋಗ ಎರಡೂ ಅಲ್ಲಿ ಸದ್ದಿಲ್ಲದೆ ಶುರುವಾಗುವುದು ಆಶ್ಚರ್ಯವೇನಲ್ಲ. ದುಬಾರಿ ಬ್ರಷ್‌ಗೆ ಹಣ ಹೊಂದಿಸುವ ಮೊದಲು ಈ ಸಂದಿಗೊಂದು ಸಲಕರಣೆ ಕೊಳ್ಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಲ್ಲುಗಳು ಒತ್ತಾಗಿದ್ದರೆ ಫ್ಲಾಸ್ ದಾರ ಬೇಕು. ಸುಮಾರು 45 ಸೆಂಟಿಮೀಟರ್ ಉದ್ದದ ದಾರವನ್ನು ಎರಡೂ ಕೈಗಳ ನಡುಬೆರಳಿಗೆ ಸುತ್ತಿ, ನಡುವೆ ಒಂದೆರಡು ಅಂಗುಲ ಮಾತ್ರ ಬಿಗಿಯಾಗಿ ಹಿಡಿದು, ಗರಗಸದಂತೆ ಮೆಲ್ಲನೆ ಆಡಿಸುತ್ತ ಸಂದಿಗೆ ಇಳಿಸಿ. ಜೋರಾಗಿ ಒತ್ತಿದರೆ ದಾರ ತಟ್ಟನೆ ಜಾರಿ ವಸಡನ್ನು ಕತ್ತರಿಸುತ್ತದೆ. ಒಳಗೆ ಇಳಿದ ದಾರವನ್ನು ಒಂದು ಹಲ್ಲಿನ ಬದಿಗೆ ಬಾಗಿಸಿ ಅಪ್ಪಿಕೊಳ್ಳುವಂತೆ ಮಾಡಿ ಮೇಲೆ ಕೆಳಗೆ ಸವರಿ, ಆಮೇಲೆ ಪಕ್ಕದ ಹಲ್ಲಿಗೂ ಹಾಗೆಯೇ ಮಾಡಬೇಕು. ಮೇಣ ಸವರಿದ ದಾರ ಒತ್ತಾದ ಸಂದಿಯಲ್ಲಿ ಸುಲಭವಾಗಿ ಜಾರುತ್ತದೆ. ದಾರ ಹಿಡಿಯುವುದು ಕಷ್ಟವೆನಿಸುವವರಿಗೆ ಹಿಡಿಯಿರುವ ಫ್ಲಾಸ್ ಸಿಗುತ್ತದೆ.

ವಸಡು ಸರಿದು ಸಂದಿ ಅಗಲವಾಗಿರುವವರಿಗೆ ದಾರಕ್ಕಿಂತ ಇಂಟರ್‌ಡೆಂಟಲ್ ಬ್ರಷ್, ಅಂದರೆ ಸಣ್ಣ ತಂತಿಯ ಸುತ್ತ ಎಳೆಗಳಿರುವ ಪುಟ್ಟ ಬ್ರಷ್, ಹೆಚ್ಚು ಉಪಯುಕ್ತ. ಇದರ ಅಳತೆಯೇ ಎಲ್ಲಕ್ಕಿಂತ ಮುಖ್ಯ. ಎಳೆಗಳು ತುಸು ಬಿಗಿಯಾಗಿ ತಾಗುತ್ತ ಒಳಹೋಗಬೇಕು, ಆದರೆ ತಂತಿ ಹಲ್ಲಿಗೆ ಉಜ್ಜಬಾರದು. ಸಲೀಸಾಗಿ ಹೋಗಿಬಂದರೆ ಅದು ಏನನ್ನೂ ಶುಚಿ ಮಾಡುತ್ತಿಲ್ಲ ಎಂದರ್ಥ. ಒಂದೇ ಬಾಯಿಗೆ ಎರಡು ಮೂರು ಅಳತೆಗಳು ಬೇಕಾಗುವುದು ಸಾಮಾನ್ಯವಾದ್ದರಿಂದ, ಮೊದಲ ಸಲ ದಂತವೈದ್ಯರಿಂದ ಅಳತೆ ಗೊತ್ತುಮಾಡಿಸಿಕೊಳ್ಳುವುದು ಮೇಲು. ಕ್ಲಿಪ್ ಹಾಕಿಸಿಕೊಂಡವರಿಗೆ ತಂತಿಯ ಕೆಳಗಿನ ಜಾಗಕ್ಕೂ ಇದು ಒದಗುತ್ತದೆ. ನೀರು ಚಿಮ್ಮಿಸುವ ಯಂತ್ರ ಅಂಥವರಿಗೆ ಒಳ್ಳೆಯ ಜೊತೆ, ಆದರೆ ಹಲ್ಲಿಗೆ ಅಂಟಿದ ಪಾಚಿಯನ್ನು ನೀರೊಂದೇ ಪೂರ್ತಿ ಕೀಳಲಾರದು.

ಹಂತ 4: ಪೇಸ್ಟಿನ ಹಿಂಬದಿಯನ್ನು ಓದಿ

ಪೇಸ್ಟಿನ ಮುಂಬದಿಯಲ್ಲಿರುವುದು ಜಾಹೀರಾತು, ಹಿಂಬದಿಯಲ್ಲಿರುವುದು ಮಾಹಿತಿ. ಅಲ್ಲಿ ಮೊದಲು ಹುಡುಕಬೇಕಾದದ್ದು ಫ್ಲೋರೈಡ್ ಪ್ರಮಾಣ. ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸಿದಾಗ ಎನಾಮೆಲ್‌ನಿಂದ ಖನಿಜಗಳು ಕರಗಿ ಹೊರಬರುತ್ತವೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮರಳಿ ಅಲ್ಲಿ ಸೇರಲು ಫ್ಲೋರೈಡ್ ನೆರವಾಗುತ್ತದೆ. ವಯಸ್ಕರಿಗೆ 1000ದಿಂದ 1500 ಪಿಪಿಎಂ (ಹತ್ತು ಲಕ್ಷ ಭಾಗಗಳಲ್ಲಿ ಅಷ್ಟು ಭಾಗ) ಫ್ಲೋರೈಡ್ ಇರುವ ಪೇಸ್ಟ್ ತಕ್ಕದ್ದು. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಮೂರರಿಂದ ಆರು ವರ್ಷದವರಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ಅದನ್ನೂ ದೊಡ್ಡವರೇ ಹಚ್ಚಿಕೊಡಬೇಕು. ಏಕೆಂದರೆ ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಫ್ಲೋರೈಡ್ ಹೆಚ್ಚು ನುಂಗಿದರೆ ಶಾಶ್ವತ ಹಲ್ಲುಗಳ ಮೇಲೆ ಬಿಳಿ ಮಚ್ಚೆ ಮೂಡಬಹುದು. ಕುಡಿಯುವ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ ಮಕ್ಕಳ ಪೇಸ್ಟನ್ನು ವೈದ್ಯರನ್ನು ಕೇಳಿಯೇ ಆರಿಸಬೇಕು.

ಜುಮ್ಮೆನ್ನುವ ಹಲ್ಲಿಗೆಂದು ಮಾರುವ ಪೇಸ್ಟ್‌ಗಳಲ್ಲಿ ಹಲವಕ್ಕೆ ಶೇ 5ರಷ್ಟು ಪೊಟ್ಯಾಸಿಯಂ ನೈಟ್ರೇಟ್ ಸೇರಿಸಿರುತ್ತಾರೆ. ಇದರ ಫಲ ಕಾಣಲು ಕೆಲವು ವಾರಗಳೇ ಬೇಕು. ನಾಲ್ಕು ದಿನ ಬಳಸಿ ಬಿಟ್ಟರೆ ಪ್ರಯೋಜನವಿಲ್ಲ. ಬಿಳುಪಿನ ಪೇಸ್ಟ್‌ಗಳು ಮುಖ್ಯವಾಗಿ ಮೇಲ್ಮೈಯ ಕಲೆಗಳನ್ನು ತಿಕ್ಕಿ ತೆಗೆಯುತ್ತವೆ, ಹಲ್ಲಿನ ಒಳಗಿನ ಬಣ್ಣವನ್ನು ಬದಲಿಸುವುದಿಲ್ಲ. ಇದ್ದಿಲಿನ ಪುಡಿಯನ್ನು ದಿನವೂ ಬಳಸುವುದನ್ನು ನಾನು ಸೂಚಿಸಲಾರೆ. ಅದರ ಒರಟುತನದಿಂದ ಎನಾಮೆಲ್ ಸವೆಯಬಹುದು, ಮತ್ತು ಸವೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ.

ಹಂತ 5: ನಾಲಿಗೆ, ಮೌತ್‌ವಾಶ್, ಕಟ್ಟಿಸಿದ ಹಲ್ಲು

ನಾಲಿಗೆಯ ಹಿಂಭಾಗದಲ್ಲಿ ಕೂರುವ ಪದರ ಬಾಯಿ ವಾಸನೆಗೆ ದೊಡ್ಡ ಕಾರಣ. ಅದಕ್ಕೆ ಅಂಚು ನಯವಾದ, ತೊಳೆಯಲು ಸುಲಭವಾದ ಟಂಗ್ ಕ್ಲೀನರ್ ಸಾಕು. ಹಿಂದಿನಿಂದ ಮುಂದಕ್ಕೆ ಹಗುರವಾಗಿ ಎಳೆಯಿರಿ.

ಮೌತ್‌ವಾಶ್ ಎಲ್ಲರಿಗೂ ಬೇಕಾದದ್ದಲ್ಲ. ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಜೀವಿನಾಶಕ ಇರುವುದನ್ನು ವೈದ್ಯರು ಹೇಳಿದಷ್ಟು ದಿನ ಮಾತ್ರ ಬಳಸಬೇಕು, ಇಲ್ಲವಾದರೆ ಹಲ್ಲಿಗೆ ಕಂದು ಕಲೆ ಹಿಡಿಯುತ್ತದೆ, ರುಚಿಯೂ ಕೆಡುತ್ತದೆ. ಆರು ವರ್ಷದೊಳಗಿನ ಮಕ್ಕಳು ನುಂಗಿಬಿಡುವ ಸಾಧ್ಯತೆ ಇರುವುದರಿಂದ ಅವರಿಗೆ ಯಾವ ಮೌತ್‌ವಾಶೂ ಬೇಡ.

ತೆಗೆದು ಹಾಕುವ ಹಲ್ಲಿನ ಸೆಟ್ಟನ್ನು ಪೇಸ್ಟಿನಿಂದ ಉಜ್ಜಿದರೆ ಅದರ ಮೇಲೆ ಗೀರು ಬಿದ್ದು, ಆ ಗೀರುಗಳಲ್ಲೇ ಸೂಕ್ಷ್ಮಜೀವಿಗಳು ನೆಲೆಸುತ್ತವೆ. ಅದಕ್ಕೆ ಪ್ರತ್ಯೇಕ ಬ್ರಷ್, ಸೌಮ್ಯವಾದ ಸೋಪು ಸಾಕು. ರಾತ್ರಿ ತೆಗೆದು ನೀರಿನಲ್ಲಿ ನೆನೆಹಾಕಬೇಕು.

ಹಂತ 6: ಬಳಸುವ ಕ್ರಮ ಮತ್ತು ಪರೀಕ್ಷೆ

ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿಯ ಸರದಿಯನ್ನು ತಪ್ಪಿಸುವಂತಿಲ್ಲ. ಮೊದಲು ಸಂದಿ, ಆಮೇಲೆ ಎರಡು ನಿಮಿಷ ಬ್ರಷ್, ಕೊನೆಗೆ ನೊರೆಯನ್ನು ಉಗುಳುವುದು. ಹೆಚ್ಚು ನೀರು ಹಾಕಿ ಮುಕ್ಕಳಿಸಿದರೆ ಫ್ಲೋರೈಡ್ ಕೂಡ ತೊಳೆದುಹೋಗುತ್ತದೆ. ಬಳಸಿದ ಬ್ರಷ್ಷನ್ನು ಮುಚ್ಚಳ ಹಾಕದೆ, ನೇರವಾಗಿ, ಗಾಳಿಯಾಡುವಲ್ಲಿ ನಿಲ್ಲಿಸಿ.

ಸಲಕರಣೆಗಳ ಆಯ್ಕೆ ಸರಿಯಾಗಿದೆಯೇ ಎಂದು ತಿಳಿಯಲು ಪಾಚಿಗೆ ಬಣ್ಣ ಹಚ್ಚುವ ಮಾತ್ರೆಗಳು ಔಷಧದಂಗಡಿಗಳಲ್ಲಿ ಸಿಗುತ್ತವೆ. ಉಜ್ಜಿದ ಮೇಲೆ ಒಂದನ್ನು ಅಗಿದು, ಉಗುಳಿ, ಕನ್ನಡಿ ನೋಡಿ. ಬಣ್ಣ ವಸಡಿನ ಅಂಚಿನಲ್ಲಿ ಉಳಿದಿದ್ದರೆ ಬ್ರಷ್ ಹಿಡಿಯುವ ಓರೆಯನ್ನು, ಕೊನೆಯ ಹಲ್ಲಿನ ಹಿಂದೆ ಉಳಿದಿದ್ದರೆ ಬ್ರಷ್‌ನ ತಲೆಯ ಗಾತ್ರವನ್ನು, ಸಂದಿಯಲ್ಲಿ ಉಳಿದಿದ್ದರೆ ದಾರವನ್ನೋ ಪುಟ್ಟ ಬ್ರಷ್‌ನ ಅಳತೆಯನ್ನೋ ಬದಲಾಯಿಸಿ, ವಾರದ ನಂತರ ಮತ್ತೊಮ್ಮೆ ನೋಡಿ.