ಚೆಂಡೆಯ ವೇಗ, ಸಡಿಲವಾದ ಕೈ: ನನ್ನ ಅನುಭವ

ನಮ್ಮ ಕಾಸರಗೋಡಿನ ಕಡೆ ತೆಂಕುತಿಟ್ಟಿನ, ಅಂದರೆ ದಕ್ಷಿಣದ ಶೈಲಿಯ, ಯಕ್ಷಗಾನಕ್ಕೆ ನುಡಿಸುವ ಚೆಂಡೆಯೂ ದೈವಾರಾಧನೆಯಾದ ತೆಯ್ಯಂ ನಡೆಯುವಲ್ಲಿ ಕೇಳಿಬರುವ ಚೆಂಡೆಯೂ ಒಂದೇ ಜಾತಿಯ ವಾದ್ಯಗಳು. ಹೆಗಲಿಗೆ ತೂಗುಹಾಕಿಕೊಂಡು, ನಿಂತು, ಎರಡು ಕೋಲುಗಳಿಂದ ಇದನ್ನು ನುಡಿಸಬೇಕು. ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟದಲ್ಲಿ ಏರುಪದಗಳೂ (ವೇಗದ ಹಾಡುಗಳು) ವೇಷಧಾರಿಗಳ ಧೀಂಗಿಣಗಳೂ (ಸುತ್ತಿ ಹಾರುವ ಕುಣಿತ) ಹಲವು ಬಾರಿ ಬೆಳಗಿನ ಜಾವಕ್ಕೇ ಬರುವುದರಿಂದ, ಮೈ ದಣಿದ ಹೊತ್ತಿನಲ್ಲಿಯೇ ಕೈಗೆ ಅತಿ ಹೆಚ್ಚಿನ ವೇಗ ಬೇಕಾಗುತ್ತದೆ. ಬಿಗಿದ ಕೈಯಿಂದ ಅಷ್ಟು ಹೊತ್ತು ತಾಳಿಕೊಳ್ಳಲು ಸಾಧ್ಯವಿಲ್ಲ.

ನನ್ನ ಅಭ್ಯಾಸ ನಡೆದದ್ದು ಹೆಚ್ಚಾಗಿ ಜಗಲಿಯಲ್ಲಿಟ್ಟ ಕರಿಕಲ್ಲಿನ ಮೇಲೆ, ಹುಣಸೆಮರದ ದಪ್ಪ ಕೋಲುಗಳಿಂದ. ಕಲ್ಲು ಕೋಲನ್ನು ತಕ್ಷಣ ಮೇಲಕ್ಕೆ ಚಿಮ್ಮಿಸುತ್ತದೆ. ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಕೋಲು ಆಡುವಷ್ಟು ಜಾಗವಿದ್ದರೆ ಆ ಚಿಮ್ಮುವಿಕೆಯೇ ಮುಂದಿನ ಪೆಟ್ಟಿಗೆ ಕೋಲನ್ನು ಎತ್ತಿಕೊಡುತ್ತದೆ, ಹಿಡಿತ ಬಿಗಿಯಾಗಿದ್ದರೆ ಅದೇ ಹೊಡೆತ ಮಣಿಕಟ್ಟಿಗೂ ಮೊಣಕೈಗೂ ಏರುತ್ತದೆ. "ಕೋಲನ್ನು ಹಿಡ್ಕೊಂಡು ಯಾಕೆ ಕೂತಿದ್ದಿ ಮಾರಾಯ, ಅದನ್ನು ಏಳ್ಲಿಕ್ಕೆ ಬಿಡು" ಎಂದು ಗುರುಗಳು ಹೇಳುತ್ತಿದ್ದುದು ಇದನ್ನೇ.

ನಿಧಾನವಾಗಿ ಆರಂಭಿಸಿ ದಿನದಿನಕ್ಕೆ ವೇಗ ಏರಿಸಬೇಕೆಂಬ ಸಲಹೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ವಿಳಂಬದಲ್ಲಿ ಪ್ರತಿ ಪೆಟ್ಟಿಗೂ ಮುಂಗೈಯನ್ನು ಬೇರೆಬೇರೆಯಾಗಿ ಎತ್ತಲು ಬಿಡುವಿರುತ್ತದೆ, ದ್ರುತದಲ್ಲಿ ಅದಿಲ್ಲ. ಹಾಗಾಗಿ ಎರಡೂ ಒಂದೇ ಚಲನೆಯಲ್ಲ. ಮಣಿಕಟ್ಟನ್ನು ಮಡಿಸುವ ಮತ್ತು ಎತ್ತುವ ಸ್ನಾಯುಗಳು ಏಕಕಾಲಕ್ಕೆ ಸೆಟೆದುಕೊಂಡಾಗ ಕೈ ಕಟ್ಟಿಹೋಗುತ್ತದೆ. ಆದ್ದರಿಂದ ನಾನು ಸಮ ಅಂತರದಲ್ಲಿ ಬಡಿತ ಕೇಳಿಸುವ ಮೊಬೈಲಿನ ಮೆಟ್ರೊನೋಮನ್ನು ನಿಮಿಷಕ್ಕೆ 60 ಬಡಿತಕ್ಕೆ ಇಟ್ಟು, ಒಂದು ಬಡಿತದೊಳಗೆ ನಾಲ್ಕು ಪೆಟ್ಟುಗಳನ್ನು ಸರಾಗವಾಗಿ ಹಾಕಿ, ಮುಂದಿನ ಮೂರು ಬಡಿತಗಳಲ್ಲಿ ಕೈಗಳನ್ನು ಸುಮ್ಮನೆ ಇಳಿಬಿಡುತ್ತಿದ್ದೆ. ಆ ಬಿಡುವಿನಲ್ಲಿ ಹೆಗಲು ಕೆಳಗಿಳಿಯಿತೇ, ಕಿರುಬೆರಳು ಬಿಚ್ಚಿಕೊಂಡಿತೇ ಎಂದು ನೋಡಿಕೊಳ್ಳುವುದೇ ನಿಜವಾದ ಅಭ್ಯಾಸ. ಅದು ಸರಿಯಾದ ಮೇಲೆ ಎರಡು ಬಡಿತಗಳಿಗೆ ಎಂಟು ಪೆಟ್ಟು, ಬಳಿಕ ಬಿಡುವೇ ಇಲ್ಲದೆ.

ಬಾಯಿತಾಳವನ್ನು, ಅಂದರೆ ಪೆಟ್ಟುಗಳ ಬಾಯಿಪಾಠವನ್ನು, ಗಟ್ಟಿಯಾಗಿ ಹೇಳುತ್ತ ನುಡಿಸುವುದರಿಂದ ಇನ್ನೊಂದು ಲಾಭವಾಯಿತು. ಏಳು ಅಕ್ಷರಗಳ ತ್ರಿವುಡೆ ತಾಳದಲ್ಲಿ 'ತಕಿಟ ತಕಧಿಮಿ' ಎಂದು ಹೇಳುತ್ತಿರುವವನಿಗೆ ಹಲ್ಲು ಕಚ್ಚುವುದಕ್ಕಾಗಲಿ ಉಸಿರು ಕಟ್ಟುವುದಕ್ಕಾಗಲಿ ಆಸ್ಪದವಿಲ್ಲ, ಮತ್ತು ಬಿಗಿತ ಬೆರಳಿಗೆ ಇಳಿಯುವ ಮೊದಲು ಬಹುಮಟ್ಟಿಗೆ ದವಡೆಯಲ್ಲಿಯೇ ಸೇರಿಕೊಂಡಿರುತ್ತದೆ. ನಾಲಿಗೆ ತೊದಲುವ ವೇಗದಲ್ಲಿ ಕೈಯೂ ತೊದಲುತ್ತದೆ. ಎಡಗೈಯ ಪೆಟ್ಟು ಮಂಕಾಗುತ್ತಿರುವುದು ನುಡಿಸುವಾಗ ತಿಳಿಯುವುದಿಲ್ಲವಾದ್ದರಿಂದ ಅದನ್ನು ಧ್ವನಿಮುದ್ರಿಸಿ ಕೇಳುತ್ತಿದ್ದೆ.

ಚೆಂಡೆ ತೂಗುವ ಎತ್ತರವನ್ನೂ ಅಲಕ್ಷಿಸಬಾರದು. ತೀರಾ ಕೆಳಗಿದ್ದರೆ ಬೆನ್ನು ಬಾಗುತ್ತದೆ, ಮೇಲಿದ್ದರೆ ಹೆಗಲು ಕಿವಿಯತ್ತ ಏರುತ್ತದೆ. ಮುಂಗೈ ಚರ್ಮದ ಮುಚ್ಚಿಗೆಗೆ ಸರಿಸಮನಾಗಿ ನಿಲ್ಲುವಂತೆ ಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಇನ್ನು ಮಳೆಗಾಲದಲ್ಲಿ ತೇವಕ್ಕೆ ಮುಚ್ಚಿಗೆ ಸಡಿಲಗೊಂಡು ಕೋಲು ಸರಿಯಾಗಿ ಏಳುವುದಿಲ್ಲ, ಆ ಕೊರತೆಯನ್ನು ತುಂಬಲು ಕೈ ತಾನಾಗಿಯೇ ಒತ್ತತೊಡಗುತ್ತದೆ. ಮೇ ತಿಂಗಳ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದ ಮೇಲಿನ ಆ ತಿಂಗಳುಗಳಲ್ಲಿ ನಾನು ಚೆಂಡೆಯ ಮೇಲೆ ವೇಗದ ಪಾಠಗಳನ್ನು ನುಡಿಸುವುದಿಲ್ಲ, ಪುನಃ ಕಲ್ಲಿನ ಮುಂದೆ ಕೂರುತ್ತೇನೆ.