ನಿದ್ದೆಯಿಂದ ಏಳದ ಎಸ್‌ಎಸ್‌ಡಿ: ಮದ್ದು ಎಲ್ಲಿ ಹಾಕಬೇಕು?

ಲಿನಕ್ಸ್ ಓಡುವ ನನ್ನ ಲ್ಯಾಪ್‌ಟಾಪನ್ನು ಹಾಗೇ ಬಿಟ್ಟು ಹತ್ತು ನಿಮಿಷ ಆಚೆ ಹೋಗಿ ಬಂದರೆ ಅದರ ಎಸ್‌ಎಸ್‌ಡಿ ಡಿಸ್ಕ್ ನಾಪತ್ತೆ. ತೆರೆದಿದ್ದ ವಿಂಡೋಗಳು ಹಾಗೇ ಇರುತ್ತಿದ್ದವು, ಆದರೆ ಯಾವ ಕಮಾಂಡ್ ಕೊಟ್ಟರೂ ಇನ್‌ಪುಟ್ ಔಟ್‌ಪುಟ್ ಎರರ್. ಲಾಗ್ ನೋಡೋಣವೆಂದರೆ ಅದನ್ನು ಬರೆಯಬೇಕಾದದ್ದೂ ಅದೇ ಡಿಸ್ಕಿಗೆ. ಕೊನೆಗೆ ಕರ್ನಲ್ (ಲಿನಕ್ಸಿನ ತಿರುಳು) ಕೊಡುವ ಸಂದೇಶಗಳು ನೆಟ್‌ಕನ್ಸೋಲ್ ಎಂಬ ಸೌಲಭ್ಯದಿಂದ ನೆಟ್‌ವರ್ಕ್ ಮೂಲಕ ಇನ್ನೊಂದು ಯಂತ್ರಕ್ಕೆ ಹೋಗುವಂತೆ ಮಾಡಿ ಕಾದೆ. ಎನ್‌ವಿಎಂಇ (ಇಂಥ ಎಸ್‌ಎಸ್‌ಡಿಗಳು ಕಂಪ್ಯೂಟರಿನೊಡನೆ ಮಾತಾಡುವ ಪದ್ಧತಿ) ಕಂಟ್ರೋಲರ್ ಉತ್ತರಿಸುತ್ತಿಲ್ಲ, ಸ್ಟೇಟಸ್ ರಿಜಿಸ್ಟರಿನ 32 ಬಿಟ್‌ಗಳೂ 1 ಎಂಬ ಸಾಲು ಬಂತು. ಸಾಧನಗಳನ್ನು ಪ್ರೊಸೆಸರಿಗೆ ಜೋಡಿಸುವ ಪಿಸಿಐ ಬಸ್ಸಿನ ಆ ತುದಿಯಲ್ಲಿ ಯಾರೂ ಇಲ್ಲದಾಗ ಓದಿಗೆ ಸಿಗುವುದು ಇದೇ.

ಸುಮ್ಮನಿದ್ದಾಗ ಮಾತ್ರ ಹೀಗಾಗುತ್ತಿತ್ತು. ಹಾಗಾಗಿ ಅನುಮಾನ ಎಪಿಎಸ್‌ಟಿ, ಅಂದರೆ ಎಸ್‌ಎಸ್‌ಡಿ ತಾನಾಗಿಯೇ ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿಯುವ ವ್ಯವಸ್ಥೆಯ ಮೇಲೆ ಬಿತ್ತು. ಎಷ್ಟು ಹೊತ್ತು ಕೆಲಸವಿಲ್ಲದಿದ್ದರೆ ಯಾವ ಪವರ್ ಸ್ಟೇಟಿಗೆ ಇಳಿಯಬೇಕೆಂಬ ಪಟ್ಟಿಯನ್ನು ಡ್ರೈವರ್ (ಸಾಧನವನ್ನು ನಡೆಸುವ ಕರ್ನಲ್ ಭಾಗ) ಒಮ್ಮೆ ಕೊಟ್ಟುಬಿಡುತ್ತದೆ, ಆಮೇಲೆ ಎಸ್‌ಎಸ್‌ಡಿ ತಾನಾಗಿಯೇ ಇಳಿದು ಏಳುತ್ತದೆ. ಲಿನಕ್ಸಿಗೆ ಇದು ಬಂದದ್ದು 2017ರ 4.11 ಕರ್ನಲ್‌ನಲ್ಲಿ.

ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಬೂಟ್ ಪ್ಯಾರಾಮೀಟರಿನಲ್ಲಿ (ಕರ್ನಲ್ ಶುರುವಾಗುವಾಗ ಕೊಡುವ ಸೂಚನೆ), ನಿದ್ದೆಯಿಂದ ಏಳಲು ಬಿಡುವ ಗರಿಷ್ಠ ವಿಳಂಬವನ್ನು 0 ಮಾಡಿ ಎಪಿಎಸ್‌ಟಿಯನ್ನೇ ಆಫ್ ಮಾಡಿದೆ. ಡಿಸ್ಕ್ ನಾಪತ್ತೆಯಾಗುವುದು ನಿಂತಿತು, ಆದರೆ ಬ್ಯಾಟರಿ ಬೇಗ ಇಳಿಯತೊಡಗಿತು. ಆಮೇಲೆ ಎಸ್‌ಎಸ್‌ಡಿ ತನ್ನ ಬಗ್ಗೆ ಹೇಳಿಕೊಳ್ಳುವ ಪವರ್ ಸ್ಟೇಟ್‌ಗಳ ಪಟ್ಟಿಯನ್ನು ಸಾವಧಾನವಾಗಿ ಓದಿದೆ. ಮೂರನೆಯದರಿಂದ ಹೊರಬರಲು 1,500 ಮೈಕ್ರೋಸೆಕೆಂಡ್, ನಾಲ್ಕನೆಯದರಿಂದ 6,000. ಮಿತಿಯನ್ನು 5,500ಕ್ಕೆ ಇಟ್ಟೆ. ನಾಲ್ಕನೆಯದು ಮಾತ್ರ ತಪ್ಪಿಹೋಯಿತು, ಮೂರನೆಯದು ಉಳಿಯಿತು. ಡಿಸ್ಕ್ ಮತ್ತೆ ಕೈಕೊಡಲಿಲ್ಲ, ಬ್ಯಾಟರಿಯೂ ಬಹುಪಾಲು ಮೊದಲಿನಂತಾಯಿತು. ಕೆಟ್ಟಿದ್ದು ಅತ್ಯಂತ ಆಳದ ಆ ಒಂದು ನಿದ್ದೆ ಮಾತ್ರ.

ಬೂಟ್ ಪ್ಯಾರಾಮೀಟರ್ ಯಂತ್ರದಲ್ಲಿರುವ ಎಲ್ಲ ಎನ್‌ವಿಎಂಇ ಡಿಸ್ಕುಗಳಿಗೂ ಅನ್ವಯಿಸುತ್ತದೆ. ನನ್ನ ಎರಡನೇ ಡಿಸ್ಕಿಗೆ ಯಾವ ರೋಗವೂ ಇರಲಿಲ್ಲ. ಹಾಗಾಗಿ ಆ ಪ್ಯಾರಾಮೀಟರನ್ನು ತೆಗೆದು, ಬೂಟ್ ಆದ ಮೇಲೆ ರೋಗವಿದ್ದ ಡಿಸ್ಕಿಗೆ ಮಾತ್ರ ಎಪಿಎಸ್‌ಟಿ ಪಟ್ಟಿಯನ್ನು ತಿದ್ದಿ ಕಳಿಸುವ ಸ್ಕ್ರಿಪ್ಟ್ ಬರೆದೆ. ಒಂದು ದಿನ ಚೆನ್ನಾಗಿ ನಡೆಯಿತು. ಲ್ಯಾಪ್‌ಟಾಪ್ ಮುಚ್ಚಿ ತೆರೆದ ಮೇಲೆ ಮತ್ತೆ ಅದೇ ಕಥೆ. ಸ್ಲೀಪಿನಿಂದ ಎದ್ದಾಗ ಡ್ರೈವರ್ ಕಂಟ್ರೋಲರನ್ನು ಹೊಸದಾಗಿ ಸಜ್ಜು ಮಾಡುತ್ತದೆ, ತನ್ನದೇ ಪಟ್ಟಿಯನ್ನು ಮತ್ತೆ ಬರೆಯುತ್ತದೆ. ನನ್ನ ತಿದ್ದುಪಡಿ ಅಳಿಸಿಹೋಗಿತ್ತು, ಅದು ಡ್ರೈವರಿಗೆ ಗೊತ್ತೇ ಇರಲಿಲ್ಲ. ಎದ್ದ ಮೇಲೂ ಸ್ಕ್ರಿಪ್ಟ್ ಓಡಿಸಬಹುದಿತ್ತು. ಆದರೆ ಸ್ಕ್ರಿಪ್ಟ್ ಇರುವುದು ಆ ಡಿಸ್ಕಿನಲ್ಲೇ! ಅದು ಓಡುವ ಮೊದಲೇ ಡಿಸ್ಕ್ ಮಲಗಿಬಿಟ್ಟರೆ ಓದುವುದು ಎಲ್ಲಿಂದ?

ಇಂಥ ಕ್ವರ್ಕ್ (ಒಂದು ಸಾಧನದ ದೋಷಕ್ಕೆಂದೇ ಮಾಡುವ ವಿಶೇಷ ಏರ್ಪಾಡು) ಇರಬೇಕಾದ ಜಾಗ ಡ್ರೈವರ್ ಎಂದು ನನಗೆ ಖಚಿತವಾದದ್ದು ಅಲ್ಲಿ. ಪಟ್ಟಿ ಬರೆಯುವ ಕೈಗೇ ಗೊತ್ತಿರಬೇಕು. ಲಿನಕ್ಸಿನ ಎನ್‌ವಿಎಂಇ ಡ್ರೈವರಿನಲ್ಲಿ ಇದಕ್ಕೆಂದೇ ಕೋಷ್ಟಕವಿದೆ, ಅತಿ ಆಳದ ಸ್ಟೇಟನ್ನು ಬಿಡು ಎನ್ನುವ ಫ್ಲ್ಯಾಗೂ ಇದೆ.

ಹಾಗಂತ ಎಲ್ಲವನ್ನೂ ಕರ್ನಲ್‌ಗೆ ತುರುಕಬೇಕೆಂದು ನಾನು ಹೇಳುವುದಿಲ್ಲ. ಕೆಲಸವಿಲ್ಲದ ಯುಎಸ್‌ಬಿ ಸಾಧನವನ್ನು ಮಲಗಿಸುವ ಆಟೋಸಸ್ಪೆಂಡ್ ನೋಡಿ. ಕರ್ನಲ್ ಅದನ್ನು ತಾನಾಗಿ ಚಾಲೂ ಮಾಡುವುದು ಹೆಚ್ಚಾಗಿ ಹಬ್‌ಗಳಿಗೆ ಮಾತ್ರ, ಪರೀಕ್ಷಿಸಿದ ಇತರ ಸಾಧನಗಳ ಪಟ್ಟಿ ಯೂಸರ್‌ಸ್ಪೇಸಿನ, ಅಂದರೆ ಕರ್ನಲ್‌ನ ಹೊರಗಿನ, ಹಾರ್ಡ್‌ವೇರ್ ಡೇಟಾಬೇಸಿನಲ್ಲಿದೆ. ಅದು ಸರಿ. ಆ ಪಟ್ಟಿ ಸಿಗದಿದ್ದರೆ ಸ್ವಲ್ಪ ಬ್ಯಾಟರಿ ಹೋಗುತ್ತದೆ, ಡೇಟಾ ಹೋಗುವುದಿಲ್ಲ.

ಎನ್‌ವಿಎಂಇ ಡ್ರೈವರಿನ ಆ ಕೋಷ್ಟಕಕ್ಕೆ ಸೇರಿಸುವ ಸಾಲು ಚಿಕ್ಕದು, ಆದರೆ ಯಾವ ಗುರುತಿಗೆ ಸೇರಿಸುವುದು ಎಂಬುದರಲ್ಲಿ ಒಂದು ವಾರ ಹೋಯಿತು. ಅದೇ ಎಸ್‌ಎಸ್‌ಡಿಯನ್ನು ಬೇರೆ ಲ್ಯಾಪ್‌ಟಾಪಿಗೆ ಹಾಕಿ ನಾಲ್ಕು ದಿನ ಸುಮ್ಮನೆ ಬಿಟ್ಟೆ, ಒಮ್ಮೆಯೂ ಬೀಳಲಿಲ್ಲ. ಹಾಗಾದರೆ ಎಸ್‌ಎಸ್‌ಡಿಯನ್ನು ಗುರುತಿಸುವ ಪಿಸಿಐ ಐಡಿ ಒಂದನ್ನೇ ನಂಬಿದರೆ ಆ ಮಾಡೆಲ್ ಇರುವ ಎಲ್ಲರ ಬ್ಯಾಟರಿಗೂ ಪೆಟ್ಟು. ಯಂತ್ರ ತನ್ನ ತಯಾರಿಯ ಬಗ್ಗೆ ಕೊಡುವ ಮಾಹಿತಿಯಾದ ಡಿಎಂಐನಿಂದ ಲ್ಯಾಪ್‌ಟಾಪಿನ ಮಾಡೆಲ್ ಹೆಸರನ್ನೂ ತೆಗೆದುಕೊಂಡು, ಎರಡೂ ಹೊಂದಿದರೆ ಮಾತ್ರ ಫ್ಲ್ಯಾಗ್ ಹತ್ತುವಂತೆ ಬರೆದೆ. ಎಸ್‌ಎಸ್‌ಡಿಯ ಫರ್ಮ್‌ವೇರ್ (ಅದರೊಳಗೇ ಓಡುವ ತಂತ್ರಾಂಶ) ಆವೃತ್ತಿ ಯಾವುದು, ಏನೇನು ಪರೀಕ್ಷಿಸಿದೆ ಎಂಬುದನ್ನೂ ಪ್ಯಾಚ್ ಜೊತೆಯ ವಿವರಣೆಯಲ್ಲಿ ಸೇರಿಸಿದೆ. ನಾಳೆ ಫರ್ಮ್‌ವೇರಿನಲ್ಲೇ ದೋಷ ಸರಿಹೋದರೆ ಆ ಸಾಲನ್ನು ಧೈರ್ಯವಾಗಿ ತೆಗೆಯುವವರಿಗೆ ಅದೊಂದೇ ಆಧಾರ.