ಲೂಪಿನ ನೆತ್ತಿಯಲ್ಲಿ ಬಲ ಕೆಳಕ್ಕೇ: ನಾನು ತೋರಿಸಿದ ಬಗೆ

ಪಿಯುಸಿ ಮಕ್ಕಳಿಗೆ ನಾರ್ಮಲ್, ಅಂದರೆ ತಾಗಿದ ವಸ್ತುವನ್ನು ಮೇಲ್ಮೈ ತಳ್ಳುವ ಬಲ, ಮೇಲಕ್ಕೊಂದು ಬಾಣ ಅಷ್ಟೇ. ಗುಂಡು ಒಳಮೈಯಲ್ಲಿ ಸುತ್ತು ಹಾಕುವ, ನಿಲ್ಲಿಸಿದ ಬಳೆಯಂಥ ಹಳಿ, ಅಂದರೆ ಲೂಪಿನ ನೆತ್ತಿಯಲ್ಲೂ ಹಾಗೇ ಹಾಕುತ್ತಾರೆ. ಅಲ್ಲಿ ಹಳಿ ಗುಂಡನ್ನು ಕೆಳಕ್ಕೆ ತಳ್ಳುವುದನ್ನು ಕಣ್ಣಾರೆ ತೋರಿಸುತ್ತೇನೆ ಅಂದಾಗ ಸ್ಟಾಫ್‌ರೂಮಿನಲ್ಲಿ ಯಾರೂ ನಂಬಲಿಲ್ಲ. "ಬಲ ಕಣ್ಣಿಗೆ ಕಾಣುತ್ತಾ ಸರ್? ಸುಮ್ನೆ ಬೋರ್ಡ್ ಮೇಲೆ ಬರೀರಿ" ಅಂದರು. ಈಗ ಅವರೇ ನನ್ನ ಲೂಪನ್ನು ತಮ್ಮ ಕ್ಲಾಸಿಗೆ ಎರವಲು ಒಯ್ಯುತ್ತಾರೆ.

ವೈರಿಂಗ್‌ನ ಪಿವಿಸಿ ಪಟ್ಟಿಯನ್ನು ಬಿಸಿ ಮಾಡಿ ಬಗ್ಗಿಸಿದ ಲೂಪ್, ಅಡ್ಡಳತೆ ಒಂದಡಿ. ಗುಜರಿಯ ಬೇರಿಂಗ್ ಗುಂಡು, 60 ಗ್ರಾಂ ಚಿಲ್ಲರೆ. ಎರಡೂ ಸೇರಿ ಇನ್ನೂರು ರೂಪಾಯಿ ದಾಟಲಿಲ್ಲ.

ದುಡ್ಡು ಹೋಗಿದ್ದು ಬಲ ಅಳೆಯುವ ಲೋಡ್ ಸೆಲ್‌ಗೆ. ಆರ್ಡುಯಿನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಸೆಲ್ಲನ್ನು ಓದುವ ಎಚ್‌ಎಕ್ಸ್711 ಚಿಪ್ ಎಲ್ಲ ಸೇರಿ ಸಾವಿರದ ಹತ್ತಿರ. ಆ ಚಿಪ್ ಸೆಕೆಂಡಿಗೆ ಹೆಚ್ಚೆಂದರೆ 80 ಸಲ ಓದುತ್ತದೆ. ಗುಂಡು ನೆತ್ತಿಯ ತುಂಡನ್ನು ದಾಟಲು ಸುಮಾರು 20 ಮಿಲಿಸೆಕೆಂಡ್ ಸಾಕು. ಸಿಕ್ಕರೆ ಒಂದೋ ಎರಡೋ ರೀಡಿಂಗ್! ಅದಕ್ಕೂ ಮೊದಲು ಅಂಟಿಸಿದ ಕಾರ್ಬನ್ ಪೇಪರಿನಲ್ಲಿ ಗುಂಡು ತಾಗಿದ್ದು ಕಂಡಿತೇ ಹೊರತು ದಿಕ್ಕು ಕಾಣಲಿಲ್ಲ.

ಕೊನೆಗೆ ನೆತ್ತಿಯಲ್ಲೇ ಎರಡು ಬೆರಳಗಲ ಕತ್ತರಿಸಿ, ಹೊರಕ್ಕೆ ಮಾತ್ರ ತೆರೆಯುವ ಮುಚ್ಚಳ ಮಾಡಿದೆ. ಕೀಲು ಗುಂಡು ಹೊರಹೋಗುವ ಕಡೆಗೇ ಇರಬೇಕು. ಬರುವ ಕಡೆ ಇಟ್ಟರೆ ಎದುರಿನ ಅಂಚಿಗೆ ಬಡಿದು ಗುಂಡು ಉದುರುತ್ತದೆ. ಮುಚ್ಚಳ ಗಡಗಡ ಅನ್ನದಂತೆ ಕೂರಿಸುವ ಉಪಾಯ ಮಾತ್ರ ನನ್ನಲ್ಲೇ ಇರಲಿ. ಎರಡಡಿ ಎತ್ತರದಿಂದ ಬಿಟ್ಟರೆ ಮುಚ್ಚಳ ಟಪ್ ಅಂತ ಮೇಲೇಳುತ್ತದೆ, ಮೇಲಿಟ್ಟ ಐದು ರೂಪಾಯಿ ನಾಣ್ಯ ಎಗರಿ ಬೀಳುತ್ತದೆ. ಗುಂಡು ಮುಚ್ಚಳವನ್ನು ಮೇಲಕ್ಕೆ ತಳ್ಳಿದರೆ ಮುಚ್ಚಳ ಗುಂಡನ್ನು ಕೆಳಕ್ಕೆ ತಳ್ಳಲೇಬೇಕು, ಅಲ್ವಾ? ಆ ಎತ್ತರಕ್ಕೆ ಲೆಕ್ಕದಲ್ಲಿ ಗುಂಡಿನ ತೂಕದ ಎರಡು ಪಟ್ಟಿಗೆ ಸ್ವಲ್ಪ ಕಮ್ಮಿ ಬಲ ಬರುತ್ತದೆ.

"ಅದುರಿದ್ದಕ್ಕೆ ಎದ್ದಿರಬೇಕು" ಅಂತ ಒಬ್ಬರು ತಕರಾರು ತೆಗೆದರು. ಎತ್ತರ ಇಳಿಸುತ್ತಾ ಬಂದೆ. ಉರುಳುವ ಗುಂಡು ಉದುರದೆ ನೆತ್ತಿ ದಾಟಲು ಲೆಕ್ಕದ ಪ್ರಕಾರ ಲೂಪಿನ ತ್ರಿಜ್ಯದ 2.7 ಪಟ್ಟು ಎತ್ತರ ಸಾಕು, ಆಗ ನೆತ್ತಿಯಲ್ಲಿ ತಳ್ಳಿಕೆ ಸೊನ್ನೆ. ನನ್ನ ಪಟ್ಟಿಯಲ್ಲಿ ಉಜ್ಜಾಟ ಜಾಸ್ತಿ, ಮೂರು ಪಟ್ಟು ಬೇಕು. ಅಲ್ಲಿಂದ ಬಿಟ್ಟರೆ ಗುಂಡು ನೆತ್ತಿ ದಾಟುತ್ತದೆ, ಲೂಪ್ ಅಷ್ಟೋ ಇಷ್ಟೋ ಅದುರುತ್ತದೆ, ಮುಚ್ಚಳ ಮಾತ್ರ ಮಿಸುಕುವುದಿಲ್ಲ. ಅಲ್ಲಿಗೆ ತಕರಾರು ನಿಂತಿತು.

ಇದೇ ಗುಂಗಿನಲ್ಲಿ ಜಾತ್ರೆಯ ಜಾಯಿಂಟ್ ವೀಲ್‌ಗೂ ಮುಳ್ಳಿನ ತಕ್ಕಡಿ ಒಯ್ದೆ. ತೊಡೆ ಮೇಲೆ ತಕ್ಕಡಿ, ಅದರ ಮೇಲೆ ಐದು ಕೆಜಿ ಅಕ್ಕಿ. ಮೇಲೆ ಹೋದಾಗ ನಾಲ್ಕರ ಹತ್ತಿರ, ಕೆಳಗೆ ಬಂದಾಗ ಆರರ ಹತ್ತಿರ ತೋರಿಸಿತು. ಸೀಟು ಯಾವಾಗಲೂ ಕೆಳಗೇ ಇರುವುದರಿಂದ ಅಲ್ಲಿ ನೆತ್ತಿಯಲ್ಲೂ ತಳ್ಳಿಕೆ ಮೇಲಕ್ಕೇ. ಹಳಿ ಹೊರಗಿದೆಯೋ ಕೆಳಗಿದೆಯೋ ಅನ್ನುವುದನ್ನು ಮೊದಲು ನೋಡಿ, ಆಮೇಲೆ ಬಾಣ ಹಾಕಿ ಅಂತ ಈಗ ಮಕ್ಕಳಿಗೆ ಹೇಳುತ್ತೇನೆ.

ಸದ್ಯ ಲೂಪಿನ ಪಕ್ಕಕ್ಕೂ ಒಂದು ಮುಚ್ಚಳ ಕತ್ತರಿಸುತ್ತಿದ್ದೇನೆ. ಅಲ್ಲಿ ತಳ್ಳಿಕೆ ಅಡ್ಡಕ್ಕೆ. ಮುಚ್ಚಿಡಲು ರಬ್ಬರ್ ಬ್ಯಾಂಡ್ ಬೇಕು, ಎಷ್ಟು ಬಿಗಿ ಅನ್ನುವುದು ಇನ್ನೂ ಕೂಡಿಬಂದಿಲ್ಲ.